ಕೂರುವ ದಿನ

ಜೂನ್ 3, ಮಂಗಳವಾರ

ಕೆಂಪು ಚುಕ್ಕೆ ಬಂತು. ಅಂದರೆ ಇದು ಕೇಳಿಸಿಕೊಳ್ಳುತ್ತಿದೆ. ಒಳ್ಳೆಯದಾಯಿತು, ಮನೆಯಲ್ಲಂತೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹೆಂಡತಿ ಕೋರ್ಟಿನಲ್ಲಿ ಸ್ಟೆನೋ. ದಿನವಿಡೀ ಬೇರೆಯವರ ಮಾತು ಬರೆದುಕೊಂಡು ಬರುವವಳು. ನಿನ್ನೆ ನಾನು ಬಾಯಿ ತೆರೆಯುವ ಮೊದಲೇ ಅಂದಳು: "ರೀ, ಸಂಜೆ ಮೇಲೆ ಸಾಕ್ಷಿ ಹೇಳಿಕೆ ಕೇಳೋ ಶಕ್ತಿ ನನಗಿಲ್ಲ. ಫೋನಲ್ಲಿ ರೆಕಾರ್ಡ್ ಮಾಡೋದಿದೆಯಲ್ಲ, ಅದಕ್ಕೆ ಹೇಳ್ಕೊಳಿ. ಅದು ಆಕಳಿಸಲ್ಲ." ಹಾಗಾಗಿ ಐವತ್ತನೇ ವಯಸ್ಸಿನಲ್ಲಿ, ಕಾರಿನ ಗಾಜು ಏರಿಸಿಕೊಂಡು, ಕಾಲೇಜಿನ ಆವರಣದಲ್ಲಿ ಒಬ್ಬನೇ ಕೂತು ಮಾತಾಡುತ್ತಿದ್ದೇನೆ. ವಾಚ್‌ಮನ್ ಆಗಲೇ ಎರಡು ಸಲ ಇಣುಕಿ ಹೋದ.

ಇವತ್ತು ಸಭೆ. ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ ಕರೆದಿದ್ದರು. ಎದುರಿಗೆ ಎಲ್ಲರೂ ಅವರನ್ನು ಸಾರ್ ಅನ್ನುತ್ತೇವೆ, ಬೆನ್ನ ಹಿಂದೆ ಕತ್ತರಿ. ಕಾನೂನು ಶಾಲೆಯ ಲೈಬ್ರರಿ ಸಂಜೆ ಐದಕ್ಕೇ ಬಾಗಿಲು ಹಾಕುವ ಹಾಗೆ ಮಾಡಿದವರು ಅವರೇ. ನರ್ಸಿಂಗ್ ಶಾಲೆಯ ಬಸ್ಸು ನಿಲ್ಲಿಸಿದವರೂ ಅವರೇ. ಇವತ್ತು ನಾನು ಮುಖ್ಯಸ್ಥನಾಗಿರುವ ಶಾಲೆಯ ಸರದಿ. "ಸರ್ಕಾರದ ಅನುದಾನ ಇಳಿದಿದೆ. ಇನ್ನು ಮೇಲೆ ವೃತ್ತಿ ಶಿಕ್ಷಣದ ಶಾಲೆಗಳು ತಮ್ಮ ಕಾಲ ಮೇಲೆ ತಾವು ನಿಲ್ಬೇಕು" ಅಂದರು. ಯಾರಿಗೆ ಹೇಳುತ್ತಿದ್ದೇನೆ ಅಂತಾದರೂ ಆ ಮನುಷ್ಯನಿಗೆ ಹೊಳೆಯಬೇಡವೇ? ನಮ್ಮದು ಕೃತಕ ಕಾಲು ಮಾಡುವುದನ್ನು ಕಲಿಸುವ ಶಾಲೆ. ಜನರನ್ನು ಅವರ ಕಾಲ ಮೇಲೆ ನಿಲ್ಲಿಸುವುದೇ ನಮ್ಮ ಕಸುಬು.

"ಕಳೆದ ವರ್ಷ ನಿಮ್ಮಲ್ಲಿ ಹನ್ನೊಂದು ತಲೆ. ಈ ವರ್ಷ ಜುಲೈ ಮೂವತ್ತೊಂದರೊಳಗೆ ಇಪ್ಪತ್ತು ತಲೆ ಆಗ್ಲಿಲ್ಲ ಅಂದ್ರೆ ಪ್ರವೇಶ ನಿಲ್ಸ್ತೀವಿ. ವರ್ಕ್‌ಶಾಪ್ ಜಾಗ ಪಕ್ಕದ ಮ್ಯಾನೇಜ್‌ಮೆಂಟ್ ಶಾಲೆಗೆ."

"ತಲೆ ಅಲ್ಲ ಸಾರ್, ವಿದ್ಯಾರ್ಥಿಗಳು."

"ಏನಾದ್ರೂ ಅನ್ನಿ. ಇಪ್ಪತ್ತು."

ಒಂದು ವರ್ಷ ಪ್ರವೇಶ ನಿಂತರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮೇಷ್ಟ್ರುಗಳನ್ನು ಬೇರೆ ಕಡೆ ಹಾಕುತ್ತಾರೆ, ಪ್ಲಾಸ್ಟಿಕ್ ಕಾಯಿಸುವ ಓವನ್ ಮೇಲೆ ಬಟ್ಟೆ ಹೊದಿಸುತ್ತಾರೆ, ಮರುವರ್ಷ ಯಾರಿಗೂ ಈ ಶಾಲೆಯ ನೆನಪೇ ಇರುವುದಿಲ್ಲ. ನಾನು ಎದ್ದು ನಿಂತು "ನೋಡೋಣ" ಅಂದೆ. ಅಷ್ಟೇ ಅಂದದ್ದು. ಆದರೆ ಹೇಗೆ ಅಂದೆ ಅಂದರೆ, ನರ್ಸಿಂಗ್ ಶಾಲೆಯ ಪ್ರಿನ್ಸಿಪಾಲ್ ತಿರುಗಿ ನೋಡಿದರು.

ತಲೆಯಂತೆ. ನಾವೇನು ಕುರಿ ಎಣಿಸುವವರೇ?


ಜೂನ್ 6, ಶುಕ್ರವಾರ

ಇವತ್ತು ಈ ವರ್ಷದ ಮೊದಲ ಕೂರುವ ದಿನ.

ಇದನ್ನು ನನಗೆ ನಾನೇ ಯಾಕೆ ವಿವರಿಸಬೇಕೋ ಗೊತ್ತಿಲ್ಲ. ಆದರೆ ನಾಳೆ ಕತ್ತರಿ ಕೇಳಿದರೆ ಸರಾಗವಾಗಿ ಹೇಳಲು ಬರಬೇಕಲ್ಲ, ಅದಕ್ಕೆ. ನಮ್ಮ ಶಾಲೆ ಕಟ್ಟಿದ ಹಿರಿಯ ಮೇಷ್ಟ್ರು ಹಾಕಿಕೊಟ್ಟ ಪದ್ಧತಿ ಇದು. ಅರ್ಜಿ ಹಾಕಿದವರನ್ನು ಸೇರಿಸಿಕೊಳ್ಳುವ ಮೊದಲು ಒಂದು ದಿನ ಫಿಟ್ಟಿಂಗ್ ಕೋಣೆಯಲ್ಲಿ ಕೂರಿಸುತ್ತೇವೆ. ಎದುರಿಗೆ ಕಾಲು ಕಳೆದುಕೊಂಡ ಒಬ್ಬರು ಕೂರುತ್ತಾರೆ. ಅವರು ಕೃತಕ ಕಾಲು ಬಿಚ್ಚುತ್ತಾರೆ, ಒಳಗಿನ ಕಾಲುಚೀಲ ತೆಗೆಯುತ್ತಾರೆ. ಇವರು ಆ ಉಳಿದ ಕಾಲನ್ನು ಕೈಯಲ್ಲಿ ಹಿಡಿದುಕೊಂಡು ಮಾತಾಡಬೇಕು. ನಮ್ಮಲ್ಲಿ ಯಾರೂ ತುಂಡು ಅನ್ನುವುದಿಲ್ಲ, ಮೊಂಡು ಅನ್ನುವುದಿಲ್ಲ. ಉಳಿದ ಕಾಲು. ಆಗದವರು ಎದ್ದು ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ. ನಾನು ಕೂತ ದಿನ ಮೊದಲ ಅರ್ಧ ಗಂಟೆ ಗೋಡೆ ಗಡಿಯಾರವನ್ನೇ ನೋಡಿದ್ದೆ. ಬಾಯಿ ಮಾತ್ರ ನಿಂತಿರಲಿಲ್ಲ.

ನಮ್ಮಲ್ಲಿ ಖಾಯಂ ಕೂರುವವರು ಡ್ರೈವರ್. ಮೂವತ್ತು ವರ್ಷ ಬಸ್ಸು ಓಡಿಸಿದವರು, ಮೊಣಕಾಲಿನ ಕೆಳಗೆ ಎಡಗಾಲು ಇಲ್ಲ. ಈ ದಿನಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಾರೆ. ಇವತ್ತು ಮೂವರು ಅರ್ಜಿದಾರರು. "ಹತ್ರ ಬನ್ನಿ, ಕಚ್ಚಲ್ಲ" ಅಂದರು. "ಕಚ್ಚೋ ಭಾಗ ಡಾಕ್ಟ್ರು ಇಟ್ಕೊಂಡಿದ್ದಾರೆ." ಇಬ್ಬರು ನಕ್ಕರು. ಒಬ್ಬ ನೀರು ಕುಡಿದು ಬರುತ್ತೇನೆ ಅಂತ ಹೋದವನು ಬರಲಿಲ್ಲ.

"ಹೋಯ್ತು, ಸೀಟ್ ಖಾಲಿ" ಅಂದರು ಡ್ರೈವರ್, ಬಸ್ಸಿನ ಕಂಡಕ್ಟರ್ ದನಿಯಲ್ಲಿ.

ನನಗೆ ಮಾತ್ರ ನಗು ಬರಲಿಲ್ಲ. ಆ ಹುಡುಗನ ಹಿಂದೆ ಗೇಟಿನವರೆಗೂ ಹೋದೆ.


ಜೂನ್ 13, ಶುಕ್ರವಾರ

ವಾರವೆಲ್ಲ ಪಿಯು ಕಾಲೇಜುಗಳ ಸುತ್ತಾಟ, ಪೆಟ್ರೋಲ್ ಖರ್ಚು ಉಳಿಸಲು ಬಸ್ಸಿನಲ್ಲಿ. ಒಂದು ಕಾಲು, ಒಂದು ಕೈ, ಬ್ಯಾಗಿನಲ್ಲಿ. ಬ್ಯಾಗಿನ ಜಿಪ್ಪು ಪೂರ್ತಿ ಹಾಕಲು ಆಗುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಹೆಂಗಸು ಬ್ಯಾಗಿನಿಂದ ಹೊರಗೆ ಬಂದ ಪಾದ ನೋಡಿ, ನನ್ನ ಮುಖ ನೋಡಿ, ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಳು. ಅವಳ ಸ್ಟಾಪು ಅದಾಗಿರಲಿಲ್ಲ ಅಂತ ನನ್ನ ಅನುಮಾನ.

ಕಾಲೇಜುಗಳಲ್ಲಿ ಮಕ್ಕಳಿಗೆ ಖುಷಿ. ಎಲ್ಲರೂ ಪಾದದ ಬೆರಳು ಮುಟ್ಟಿ ನೋಡುತ್ತಾರೆ. ಅಪ್ಪ ಅಮ್ಮಂದಿರ ಪ್ರಶ್ನೆ ಬೇರೆ. ಒಬ್ಬ ತಂದೆ ಕೇಳಿದರು, "ಇದು ಡಾಕ್ಟ್ರ ಕೆಲಸನಾ, ಬಡಗಿ ಕೆಲಸನಾ?"

"ಎರಡೂ" ಅಂದೆ.

"ಹಂಗಾದ್ರೆ ಸಂಬಳ ಯಾರ್ದು ಕೊಡ್ತಾರೆ?"

ಉತ್ತರ ಹೊಳೆಯಲಿಲ್ಲ. ಐವತ್ತು ವರ್ಷದಲ್ಲಿ ಇದು ನನಗೆ ಎರಡನೇ ಸಲ. ಮೊದಲನೆಯದು ಮದುವೆಯ ದಿನ.

ಪರವಾಗಿಲ್ಲ. ಬೀದಿ ಬೀದಿ ಸುತ್ತಲು ನಾನು ಸಿದ್ಧ. ಕತ್ತರಿ ಏಸಿ ಕೋಣೆಯಲ್ಲಿ ಕೂತು ಎಣಿಸಲಿ.


ಜೂನ್ 21, ಶನಿವಾರ

ಇವತ್ತು ನಡೆದದ್ದನ್ನು ಹೆಂಡತಿಗೇ ಹೇಳಿದೆ. ಅವಳು ಆಕಳಿಸಲಿಲ್ಲ, ನೆಲದ ಮೇಲೆ ಕೂತು ನಕ್ಕಳು.

ಇವತ್ತು ಸಾರ್ವಜನಿಕರಿಗೆ ವರ್ಕ್‌ಶಾಪ್ ತೆರೆದಿಟ್ಟಿದ್ದೆವು. ಪ್ಲಾಸ್ಟರ್ ಅಚ್ಚು ಹೇಗೆ ತೆಗೆಯುತ್ತೇವೆ ಅಂತ ತೋರಿಸುವುದು ಕಾರ್ಯಕ್ರಮ. ಕತ್ತರಿಯೂ ಬಂದರು, ಪರೀಕ್ಷೆ ಮಾಡಲು. ಗುಂಪಿನಲ್ಲಿ ನಾನೇ ಅಂದೆ, "ಸಾರ್, ನಿಮ್ಮ ಕಾಲು ಕೊಡಿ." ಜನರ ಮುಂದೆ ಇಲ್ಲ ಅನ್ನಲಾಗದೆ ಅವರು ಪ್ಯಾಂಟು ಮಡಿಸಿ ಕೂತರು.

ಸಾಮಾನ್ಯವಾಗಿ ಪ್ಲಾಸ್ಟರ್ ಸುತ್ತುವ ಮೊದಲು ಕಾಲಿಗೆ ತೆಳು ಹತ್ತಿ ಕಾಲುಚೀಲ ಹಾಕುತ್ತೇವೆ. ಅವು ನಮ್ಮಲ್ಲಿ ಮುಗಿದು ತಿಂಗಳಾಗಿದೆ, ಆರ್ಡರ್ ಕತ್ತರಿಯ ಮೇಜಿನ ಮೇಲೆ ಬಿದ್ದಿದೆ. ಕಾಲುಚೀಲ ಇಲ್ಲದಾಗ ಚರ್ಮಕ್ಕೆ ವ್ಯಾಸಲೀನ್ ಹಚ್ಚಬೇಕು. ಮೊದಲ ವರ್ಷದ ಮೊದಲ ಪಾಠ. ಇಪ್ಪತ್ತೈದು ವರ್ಷದಿಂದ ಕಲಿಸುತ್ತಿದ್ದೇನೆ. ನಾನು ಭಾಷಣದಲ್ಲಿ ಮುಳುಗಿದ್ದೆ, ವ್ಯಾಸಲೀನ್ ಡಬ್ಬಿ ನನ್ನ ಜೇಬಿನಲ್ಲಿತ್ತು, ಪ್ಲಾಸ್ಟರ್ ಪಟ್ಟಿ ಸುತ್ತಿಬಿಟ್ಟೆ. ರೋಮ ತುಂಬಿದ ಕಾಲಿನ ಮೇಲೆ.

"ಬಿಸಿ ಆಗ್ತಿದೆ" ಅಂದರು.

"ಆಗ್ಬೇಕು ಸಾರ್, ಗಟ್ಟಿ ಆಗೋವಾಗ ಬಿಸಿ ಆಗುತ್ತೆ."

ತೆಗೆಯುವಾಗ ಗೊತ್ತಾಯಿತು. ನಮ್ಮ ಹಿರಿಯ ಅಧ್ಯಾಪಕಿ, ನಾವೆಲ್ಲ ಪ್ಲಾಸ್ಟರ್ ಅಕ್ಕ ಅನ್ನುತ್ತೇವೆ, ನನ್ನ ಕಿವಿಯಲ್ಲಿ, "ನೀನು ಬಾಯಿ ಮುಚ್ಚು, ನಾನು ಬಿಡಿಸ್ತೀನಿ" ಅಂದರು. ಬೆಚ್ಚಗಿನ ನೀರು ಹಾಕಿ, ಅಂಗುಲ ಅಂಗುಲವಾಗಿ ಬಿಡಿಸಿದರು. ಕತ್ತರಿ ಕುರ್ಚಿಯ ಹಿಡಿ ಬಿಗಿ ಹಿಡಿದು ಚಾವಣಿ ನೋಡುತ್ತಿದ್ದರು. ಕೊನೆಗೆ ಅಚ್ಚಿನ ಒಳಗೆ ನೋಡಿದರು. ಅರ್ಧ ಕಾಲಿನ ಕೂದಲು ಅಲ್ಲಿತ್ತು.

"ಇದನ್ನ ಯಾವ ಖಾತೆಗೆ ಹಾಕ್ತೀರಿ?" ಅಂದರು. ಆಮೇಲೆ ಬಾಗಿಲ ಹತ್ತಿರ ನಿಂತು, "ಆ ಕಾಲುಚೀಲದ ಆರ್ಡರ್ ಮತ್ತೆ ಕಳ್ಸಿ."

ಸೋಮವಾರ ಕಳಿಸುತ್ತೇನೆ. ಇದು ಗೆಲುವೋ ಸೋಲೋ ಗೊತ್ತಿಲ್ಲ. ಆದರೆ ಅವರು ಕುಂಟುತ್ತಾ ಹೋದದ್ದನ್ನು ನೋಡಿದ್ದು ಸುಳ್ಳಲ್ಲ.


ಜೂನ್ 28, ಶನಿವಾರ

ಹದಿಮೂರು ತಲೆ. ಕಾಲುಚೀಲ ಬಂತು.


ಜುಲೈ 4, ಶುಕ್ರವಾರ

ಇವತ್ತು ಕೂರುವ ದಿನಕ್ಕೆ ಐವರು ಬಂದಿದ್ದರು. ನಾಲ್ವರು ಎದ್ದು ಹೋದರು. ನಾಲ್ವರು. ಒಂದು ತಿಂಗಳು ಬಸ್ಸಿನಲ್ಲಿ ಕಾಲು ಹೊತ್ತು ತಿರುಗಿ ತಂದದ್ದನ್ನು ಡ್ರೈವರ್ ಒಂದು ಬೆಳಿಗ್ಗೆಯಲ್ಲಿ ಖಾಲಿ ಮಾಡಿಬಿಟ್ಟರು, ಇಸ್ತ್ರಿ ಅಂಗಿ ಹಾಕಿಕೊಂಡು.

ನೇರ ವರ್ಕ್‌ಶಾಪಿಗೆ ಹೋದೆ. ಅಕ್ಕ ಒಂದು ಪ್ಲಾಸ್ಟರ್ ಮಾದರಿಯನ್ನು ಅರದಿಂದ ಉಜ್ಜುತ್ತಿದ್ದರು.

"ಕೂರುವ ದಿನ ಈ ವರ್ಷ ಬೇಡ" ಅಂದೆ.

ಅವರು ಅರ ಕೆಳಗಿಡಲಿಲ್ಲ. "ಬೇಡ ಅಂದ್ರೆ?"

"ಈ ವರ್ಷ ಮಾತ್ರ."

"ಈ ವರ್ಷ ಮಾತ್ರ ಅಂತ ಸಿಗರೇಟು ಬಿಡೋರೂ ಹೇಳ್ತಾರೆ, ಹಿಡಿಯೋರೂ ಹೇಳ್ತಾರೆ."

"ಶಾಲೆನೇ ಇಲ್ಲ ಅಂದ್ಮೇಲೆ ಎಲ್ಲಿ ಕೂರಿಸ್ತೀರಿ ಅಕ್ಕ? ಫುಟ್‌ಪಾತ್ ಮೇಲಾ? ಮೊದ್ಲು ಸೇರ್ಲಿ. ಆಮೇಲೆ ನಿಧಾನವಾಗಿ ಅಭ್ಯಾಸ ಆಗುತ್ತೆ."

"ಸರಿ ಬಿಡು. ನಮ್ಮನ್ನ ಮುಚ್ಚೋಕೆ ಅವ್ರೇ ಬರ್ಬೇಕು ಅಂತ ಏನಿಲ್ಲ" ಅಂದರು. ಮತ್ತೆ ಉಜ್ಜಲು ಶುರು ಮಾಡಿದರು. ಪುಡಿ ನನ್ನ ಬೂಟಿನ ಮೇಲೆ ಬಿತ್ತು.

ಅವರಿಗೇನು, ಸಭೆಗೆ ಹೋಗುವವನು ನಾನು. ಇದು ಯುದ್ಧ. ಯುದ್ಧದಲ್ಲಿ ಒಂದು ಬಾಗಿಲು ತೆರೆದಿಟ್ಟರೆ ಅಪರಾಧವಲ್ಲ. ಹಿರಿಯ ಮೇಷ್ಟ್ರು ಇದ್ದಿದ್ದರೂ ಒಪ್ಪುತ್ತಿದ್ದರು, ಒಪ್ಪಲೇಬೇಕಿತ್ತು.

ಡ್ರೈವರಿಗೆ ಫೋನ್ ಮಾಡಿ ಇನ್ನು ಬರುವುದು ಬೇಡ ಅಂದೆ. "ನನ್ನ ಕಾಲು ಹಳೇದಾಯ್ತಾ ಸಾರ್?" ಅಂದರು. ತಮಾಷೆಗೇ ಅಂದದ್ದು.


ಜುಲೈ 15, ಮಂಗಳವಾರ

ಇಪ್ಪತ್ತು. ಇಪ್ಪತ್ತು. ಇನ್ನೊಂದು ಸಲ ಹೇಳಿಬಿಡುತ್ತೇನೆ, ಫೋನಿಗೂ ಗೊತ್ತಾಗಲಿ. ಇಪ್ಪತ್ತು.

ನಿನ್ನೆಯವರೆಗೆ ಹತ್ತೊಂಬತ್ತು ಇತ್ತು. ಅಡ್ಡಿ ತೆಗೆದ ಮೇಲೆ ನೀರು ಹರಿದ ಹಾಗೆ ಬಂದರು. ಕೊನೆಯದೊಂದಕ್ಕೆ ಮಾತ್ರ ಪರದಾಟ. ನಿನ್ನೆ ಸಂಜೆ ಹೆಂಡತಿಯ ತಮ್ಮ ಊಟಕ್ಕೆ ಬಂದಿದ್ದ, ಮಗಳನ್ನು ಕರೆದುಕೊಂಡು. ಎತ್ತರದ ಹುಡುಗಿ, ಮಾತು ಕಡಿಮೆ. ಮುಂದೇನು ಓದುತ್ತೀ ಅಂದರೆ ಭುಜ ಕುಣಿಸಿದಳು. ನಾನು ಶುರು ಮಾಡಿದೆ. ತಟ್ಟೆ ಒಣಗುವವರೆಗೆ ಮಾತಾಡಿದೆ. ಕೈಕೆಲಸ ಚೆನ್ನಾಗಿದೆ ಅವಳದು, ಸಣ್ಣವಳಿದ್ದಾಗ ಜೇಡಿಮಣ್ಣಿನಲ್ಲಿ ಏನೇನೋ ಮಾಡುತ್ತಿದ್ದಳು, ಅದನ್ನೂ ಎಳೆದು ತಂದೆ.

"ರೀ, ಆ ಮಗು ಮೊಣಕೈ ತರಚಿದ್ರೂ ಕಣ್ಣು ಮುಚ್ಕೊಳ್ಳುತ್ತೆ" ಅಂದಳು ಹೆಂಡತಿ.

"ನಮ್ಮಲ್ಲಿ ರಕ್ತ ಎಲ್ಲಿದೆ? ಬರೀ ಪ್ಲಾಸ್ಟರ್, ಪ್ಲಾಸ್ಟಿಕ್."

"ಮಾಮ, ನಿಜವಾಗ್ಲೂ ಬರೀ ಪ್ಲಾಸ್ಟರಾ?" ಅಂತ ಹುಡುಗಿ ಕೇಳಿದಳು.

"ಬಹುಪಾಲು" ಅಂದೆ.

ಇವತ್ತು ಬೆಳಿಗ್ಗೆ ಬಂದು ಸೇರಿದಳು. ಮನೆಗೆ ಬಂದು ಹೆಂಡತಿಗೆ ಹೇಳಿದೆ, "ಇಪ್ಪತ್ತನೇ ತಲೆ ನಿಮ್ಮ ಮನೆಯದೇ." ಅವಳು ಪೆನ್ನು ಹುಡುಕುವವಳ ಹಾಗೆ ಮಾಡಿ, "ಏನಂದ್ರಿ? ನಿಧಾನವಾಗಿ ಹೇಳಿ, ಬರ್ಕೋತೀನಿ" ಅಂದಳು. ಕೋರ್ಟಿನ ಹಾಸ್ಯ. ನನಗೆ ಅದು ಯಾವತ್ತೂ ಅರ್ಥವಾಗಿಲ್ಲ.

ಮೂವತ್ತೊಂದಕ್ಕೆ ಹೋಗಿ ಆ ಮನುಷ್ಯನ ಮೇಜಿನ ಮೇಲೆ ಇಪ್ಪತ್ತು ಇಡುತ್ತೇನೆ. ಮುಖ ನೋಡಬೇಕು.


ಜುಲೈ 22, ಮಂಗಳವಾರ

ಸೇರಿದವರಿಗೆ ಪಾಠ ಶುರುವಾಗಿದೆ. ಗಡುವಿನವರೆಗೆ ಕಾಯುವುದು ನಮ್ಮಲ್ಲಿಲ್ಲ.

ಇವತ್ತು ಫಿಟ್ಟಿಂಗ್ ಕೋಣೆಯಲ್ಲಿ ಸೆಖೆ. ಫ್ಯಾನ್ ಕೆಟ್ಟು ಎರಡು ವಾರ, ಕತ್ತರಿಗೆ ಪತ್ರ ಬರೆದು ಎರಡು ವಾರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಸೆಖೆಯಲ್ಲಿ ಯಾರಿಗಾದರೂ ತಲೆ ತಿರುಗುತ್ತದೆ.

ಹೊಸಬರೊಬ್ಬರು ಬಂದಿದ್ದರು. ಟೈಲರ್, ನಲವತ್ತರ ಹೆಂಗಸು. ಕಾಯಿಲೆಯಿಂದ ಬಲಗಾಲು ತೆಗೆದು ಐದು ತಿಂಗಳಾಗಿದೆ. ಗಂಡ ಕರೆದುಕೊಂಡು ಬಂದಿದ್ದ. ಹೊಲಿಗೆ ಮೆಷಿನ್ನಿನ ಪೆಡಲ್ ತುಳಿಯಲು ಆಗುವಂಥ ಕಾಲು ಬೇಕು ಅಂತ ಹೇಳಿದರು, ಬೇರೇನೂ ಕೇಳಲಿಲ್ಲ. ಅಳತೆಗೆ ಅಚ್ಚು ತೆಗೆಯಬೇಕಿತ್ತು. ಹಿಡಿದುಕೊಳ್ಳಲು ನನ್ನ ಸೊಸೆಯನ್ನು ಎದುರಿಗೆ ಕೂರಿಸಿದೆ, ಅದೇ, ಹೆಂಡತಿಯ ತಮ್ಮನ ಮಗಳನ್ನು. ಹಿಂದೆ ಇನ್ನೊಂದಿಷ್ಟು ಹುಡುಗರು.

ಟೈಲರ್ ಉಳಿದ ಕಾಲಿನ ಮೇಲಿದ್ದ ಕಾಲುಚೀಲ ಉರುಳಿಸಿ ತೆಗೆದರು. ಹುಡುಗಿ ಬಾಯಿಗೆ ಕೈ ಹಿಡಿದಳು, ಸ್ಟೂಲು ಬಿತ್ತು, ಬಾಗಿಲಿನಿಂದ ಹೊರಗೆ ಓಡಿದಳು. ಹಿಂದಿನಿಂದ ಯಾವನೋ ನಕ್ಕ. ಕೆಟ್ಟ ನಗುವಲ್ಲ, ಹೆದರಿಕೆಯ ನಗು. ಹೆದರಿಕೆಯದು ಅಂತ ನನಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು?

ಟೈಲರ್ ತಲೆ ತಗ್ಗಿಸಿದರು. ಚೀಲ ಮತ್ತೆ ಹಾಕಿಕೊಂಡರು. ತುದಿಯನ್ನು ಮಡಿಸಿದರು, ಇನ್ನೊಮ್ಮೆ ಮಡಿಸಿದರು, ಬಟ್ಟೆಯ ಅಂಚು ಮಡಿಸುವ ಹಾಗೆ, ಬೆರಳಲ್ಲಿ ಒತ್ತಿ ಸರಿ ಮಾಡಿದರು. "ಇನ್ನೊಂದು ದಿನ ಬರ್ತೀವಿ ಸಾರ್" ಅಂದರು. ಗಂಡ ಊರುಗೋಲು ಕೊಟ್ಟ. ನಾನು ಬಾಗಿಲವರೆಗೆ ಮಾತಾಡುತ್ತಾ ಹೋದೆ, ಸೆಖೆ, ಫ್ಯಾನು, ಹೊಸ ಮಕ್ಕಳು. ಆಕೆ ತಲೆಯಾಡಿಸಿದರು.

ಇಂಥದ್ದು ಆಗುತ್ತದೆ. ಆಸ್ಪತ್ರೆಗಳಲ್ಲಿ ದಿನಾ ಆಗುತ್ತದೆ. ಫ್ಯಾನ್ ಸರಿ ಇದ್ದಿದ್ದರೆ ಆಗುತ್ತಿರಲಿಲ್ಲ. ಇದಕ್ಕೆ ನೇರ ಕಾರಣ ಹಣಕಾಸು ವಿಭಾಗ.

ಆ ಚೀಲ ಎಷ್ಟು ನೀಟಾಗಿ ಮಡಿಸಿದರು ಅಂದರೆ.


ಜುಲೈ 24, ಗುರುವಾರ

ಟೈಲರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಫ್ಯಾನ್ ಸರಿಯಾಯಿತು.


ಜುಲೈ 26, ಶನಿವಾರ

ಸೊಸೆ ಮನೆಗೆ ಬಂದಳು. ಮೂರು ದಿನ ಕ್ಲಾಸಿಗೆ ಬಂದಿರಲಿಲ್ಲ. ನಾನು ಸಮಾಧಾನದ ಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ, ಮೊದಲ ಸಲ ಎಲ್ಲರಿಗೂ ಹೀಗೇ, ಫ್ಯಾನ್ ಬೇರೆ ಇರಲಿಲ್ಲ, ಇತ್ಯಾದಿ. ಅವಳು ಬೂಟು ಕೂಡ ಬಿಚ್ಚಲಿಲ್ಲ.

"ಮಾಮ, ನೀವು ಮೊದ್ಲು ಎಲ್ರನ್ನೂ ಡ್ರೈವರ್ ಮುಂದೆ ಕೂರಿಸ್ತಿದ್ರಂತೆ. ಹೌದಾ?"

"ಯಾರು ಹೇಳಿದ್ದು?"

"ಪ್ಲಾಸ್ಟರ್ ಮೇಡಂ. ನನ್ನನ್ನ ಯಾಕೆ ಕೂರಿಸ್ಲಿಲ್ಲ?"

"ಕೂರಿಸಿದ್ರೆ ನೀನು ಓಡ್ತಿದ್ದೆ ಕಣಮ್ಮ."

"ಓಡ್ತಿದ್ದೆ. ಅವ್ರ ಮುಂದೆ ಓಡ್ತಿದ್ದೆ. ಈ ಆಂಟಿ ಮುಂದೆ ಅಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಅಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನನಗೆ ಹೇಳಲು ಏನೂ ಹೊಳೆಯಲಿಲ್ಲ. ಮೂರನೇ ಸಲ.

ಸಂಜೆ ಡ್ರೈವರ್ ಮನೆಗೆ ಹೋದೆ. ಅವರು ಬಾಗಿಲ ಮೆಟ್ಟಿಲ ಮೇಲೆ ಕೂತು ಕಾಲಿನ ಪಟ್ಟಿಗೆ ಎಣ್ಣೆ ಹಚ್ಚುತ್ತಿದ್ದರು. "ಏನ್ ಸಾರ್, ಬಸ್ಸಿಗೆ ಡ್ರೈವರ್ ಬೇಕಾಯ್ತಾ?" ಅಂದರು. ನಡೆದದ್ದನ್ನು ಹೇಳಿದೆ. ಹೇಳಿದ ಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದೆ. "ಹುಡುಗ್ರು ಓಡಿಹೋದಾಗ ನಿಮಗೆ ಬೇಜಾರಾಗಲ್ವಾ?"

"ಮೊದಮೊದ್ಲು ಆಗ್ತಿತ್ತು. ಮನೆಗೆ ಬಂದು ಊಟ ಬಿಡ್ತಿದ್ದೆ." ಪಟ್ಟಿಯನ್ನು ಎಳೆದು ನೋಡಿದರು. "ಆಮೇಲೆ ಅನ್ಕೊಂಡೆ, ಮೂವತ್ತು ವರ್ಷ ಜನ ನನ್ನ ಬಸ್ಸಿಂದ ಬೈಕೊಂಡೇ ಇಳ್ದಿದ್ದಾರೆ. ಇವ್ರು ಬೈಯದೇ ಇಳೀತಾರೆ, ಅಷ್ಟು ವಾಸಿ. ನಾನು ತಡ್ಕೋತೀನಿ ಸಾರ್. ಕಾಲು ಹೋಗಿ ಐದು ತಿಂಗ್ಳಾದೋರು ತಡ್ಕೋತಾರಾ?"

ಸೋಮವಾರ ಬನ್ನಿ ಅಂದೆ. "ಇಪ್ಪತ್ತೂ ಜನಾನ ಒಟ್ಟಿಗೆನಾ?" ಅಂದರು. "ಹಂಗಾದ್ರೆ ಹೊಸ ಅಂಗಿ ಬೇಕು."


ಜುಲೈ 28, ಸೋಮವಾರ

ಇಪ್ಪತ್ತು ಜನರನ್ನೂ ಕೂರಿಸಿದೆ, ಮೊದಲೇ ಒಮ್ಮೆ ಕೂತಿದ್ದವರನ್ನೂ ಬಿಡಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ. ನಾನು ಒಂದು ಮಾತು ಆಡಲಿಲ್ಲ, ಬಾಗಿಲ ಪಕ್ಕ ನಿಂತಿದ್ದೆ. ಬಾಗಿಲು ತೆರೆದೇ ಇತ್ತು.

ಡ್ರೈವರ್ ಫಾರ್ಮಿನಲ್ಲಿದ್ದರು. "ಕಾಲನ್ನೇ ನೋಡ್ಬೇಡಿ, ಮುಖ ನೋಡಿ ಮಾತಾಡಿ. ಕಾಲು ಎಲ್ಲಿಗೂ ಹೋಗಲ್ಲ, ಹೋಗೋದು ಹೋಗಿ ಆಯ್ತು." ಸೊಸೆಯ ಸರದಿ ಬಂದಾಗ ಅವಳು ಎದ್ದು ಹೊಸ್ತಿಲವರೆಗೆ ಹೋದಳು. ನನ್ನ ಪಕ್ಕದಲ್ಲೇ ನಿಂತಳು. ಅವಳ ಉಸಿರು ಕೇಳಿಸುತ್ತಿತ್ತು. ನಾನು ಬೇರೆ ಕಡೆ ನೋಡಿದೆ. ತಿರುಗಿ ಹೋಗಿ ಕೂತಳು. ಎರಡು ಕೈಯಲ್ಲೂ ಹಿಡಿದಳು. "ಕೈ ತಣ್ಣಗಿದೆ ನಿಂದು" ಅಂದರು ಡ್ರೈವರ್. "ಸಾರಿ" ಅಂದಳು. "ಸೆಖೇಲಿ ಒಳ್ಳೇದೇ ಬಿಡು" ಅಂದರು.

ನಾಲ್ವರು ಹೋದರು. ನಕ್ಕಿದ್ದ ಹುಡುಗ ಹೋಗಲಿಲ್ಲ. ಅವನೇ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತ.

ಕೊನೆಗೆ ಅಕ್ಕ ಹತ್ತಿರ ಬಂದರು. "ಆ ನಾಲ್ವರ ಹೆಸ್ರು ಮೂವತ್ತೊಂದು ಕಳೆಯೋವರೆಗೆ ಹಂಗೇ ಇರ್ಲಿ. ಆಮೇಲೆ ತೆಗೆದ್ರಾಯ್ತು."

ನಾನು ಅವರ ಮುಖ ನೋಡಿದೆ. "ಅಕ್ಕ, ಪದ್ಧತಿ ಬಿಡ್ಬೇಡ ಅಂತ ಬೈದೋರು ನೀವೇ."

"ನಾನು ಹಿರಿಯ ಮೇಷ್ಟ್ರ ಪದ್ಧತಿಗೆ ಕಟ್ಟುಬಿದ್ದೋಳು. ಕತ್ತರಿ ಪದ್ಧತಿಗಲ್ಲ." ಹೇಳಿ ಕೈ ತೊಳೆಯಲು ಹೋದರು.

ಮೂರು ದಿನ. ಯಾರೂ ಕೇಳುವುದಿಲ್ಲ. ಇಪ್ಪತ್ತು ಅಂದರೆ ಇಪ್ಪತ್ತು.


ಜುಲೈ 31, ಗುರುವಾರ

"ಹದಿನಾರು" ಅಂದೆ.

ಕತ್ತರಿ ಕಾಗದ ತಿರುಗಿಸಿದರು. "ಇಲ್ಲಿ ಇಪ್ಪತ್ತಿದೆಯಲ್ಲ."

"ನಾಲ್ವರು ಹೋಗ್ತಾರೆ ಸಾರ್. ಹೋಗೋ ಹಾಗೆ ಮಾಡ್ದೋನು ನಾನೇ. ಮೊದ್ಲೇ ಮಾಡ್ಬೇಕಿತ್ತು."

ಈ ಸಲದ ಸಭೆಗೆ ಬಂದು ಕೂತಿದ್ದ ಕುಲಪತಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನ್ರೀ ನೀವು. ಇಪ್ಪತ್ತು ಅಂದಿದ್ರೆ ಎಲ್ಲರೂ ಊಟಕ್ಕೆ ಹೋಗ್ತಿದ್ವಲ್ಲ."

ಯಾಕೆ ಅಂತ ಕೇಳಿದರು. ಭಾಷಣ ಮಾಡಬಹುದಿತ್ತು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾಡಿಕೊಂಡೇ ಬಂದಿದ್ದೆ. ಅದರ ಬದಲು ಟೈಲರ್ ಚೀಲ ಮಡಿಸಿದ್ದನ್ನು ಹೇಳಿದೆ. ಅದಷ್ಟೇ. ಕತ್ತರಿ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ತೀರ್ಮಾನ ಇದು. ಹದಿನಾರು ಜನ ಓದಿ ಮುಗಿಸಬಹುದು. ಮುಂದಿನ ವರ್ಷದಿಂದ ಪ್ರವೇಶ ಇಲ್ಲ. ಇದು ಕೊನೆಯ ತಂಡ. ಮ್ಯಾನೇಜ್‌ಮೆಂಟ್ ಶಾಲೆಗೆ ಬಿಟ್ಟುಕೊಡುವ ಸಲುವಾಗಿ ನಾಳೆ ವರ್ಕ್‌ಶಾಪ್ ಅಳತೆ ಮಾಡಲು ಬರುತ್ತಾರೆ.

"ಬನ್ನಿ" ಅಂದೆ. "ಆದ್ರೆ ಇದನ್ನೂ ಬರ್ಕೊಳಿ. ಬರೋ ಜೂನ್ ಮೊದಲ ಶುಕ್ರವಾರ ನಮ್ಮಲ್ಲಿ ಕೂರುವ ದಿನ. ಅರ್ಜಿ ಹಾಕೋರು ಬರ್ತಾರೆ, ನಾವು ಬಾಗಿಲು ತೆಗೀತೀವಿ. ನಿಮ್ಮ ತೀರ್ಮಾನ ಅವತ್ತು ಬಂದು ಅವರ ಮುಂದೆ ಓದಿ ಹೇಳಿ."

"ಅದು ಆಗದ ಮಾತು" ಅಂದರು ಕತ್ತರಿ.

"ನೋಡೋಣ" ಅಂದೆ.

ಮನೆಗೆ ಬಂದು ಹೆಂಡತಿಗೆ ಎರಡೇ ವಾಕ್ಯದಲ್ಲಿ ಹೇಳಿದೆ. "ಅಷ್ಟೇನಾ?" ಅಂದಳು. "ಅಷ್ಟೇ" ಅಂದೆ. ಅವಳು ಟಿವಿ ಆರಿಸಿ ಬಂದು ಪಕ್ಕದಲ್ಲಿ ಕೂತಳು. "ಪೂರ್ತಿ ಹೇಳಿ" ಅಂದಳು.


ಆಗಸ್ಟ್ 1, ಶುಕ್ರವಾರ

ಬೆಳಿಗ್ಗೆ ಟೈಲರ್ ಬಂದರು.

ನಾನು ಕರೆದದ್ದಲ್ಲ. ಸೊಸೆ ಮಂಗಳವಾರವೇ ಅವರ ಮನೆಗೆ ಹೋಗಿದ್ದಳಂತೆ, ಅಂಚು ಮಡಿಸಬೇಕಾದ ಎರಡು ಪ್ಯಾಂಟು ತೆಗೆದುಕೊಂಡು. ಟೈಲರ್ ಕೈಹೊಲಿಗೆಯಲ್ಲಿ ಎರಡನ್ನೂ ಮುಗಿಸುವವರೆಗೆ ಇವಳು ಅಲ್ಲೇ ಕೂತಿದ್ದಳಂತೆ. ಕ್ಷಮಿಸಿ ಅಂದೆಯಾ ಅಂತ ಕೇಳಿದೆ. "ಅವ್ರು ಬಾಯಲ್ಲಿ ಸೂಜಿ ಇಟ್ಕೊಂಡಿದ್ರು ಮಾಮ, ಸುಮ್ನೆ ಕೂರು ಅಂತ ಸನ್ನೆ ಮಾಡಿದ್ರು. ಕೂತೆ."

ಕೋಣೆಯಲ್ಲಿ ಆರು ಜನ ಹುಡುಗರು. ಸೊಸೆ ಸ್ಟೂಲಿನ ಮೇಲೆ. ಟೈಲರ್ ಚೀಲಕ್ಕೆ ಕೈ ಹಾಕುವ ಮೊದಲು ಅವಳನ್ನು ನೋಡಿ, "ಈ ಸಲ ಓಡಿದ್ರೆ ಹಿಂದಿನಿಂದ ಬರೋಕೆ ನನಗಾಗಲ್ಲ, ಈಗ್ಲೇ ಹೇಳಿದ್ದೀನಿ" ಅಂದರು. ಹುಡುಗರು ನಗಬೇಕೋ ಬೇಡವೋ ಗೊತ್ತಾಗದೆ ನನ್ನ ಮುಖ ನೋಡಿದರು. ಟೈಲರೇ ನಕ್ಕರು. ಆಮೇಲೆ ಚೀಲ ಉರುಳಿಸಿದರು. ಸೊಸೆ ಹೊಸ ಹತ್ತಿ ಕಾಲುಚೀಲ ಹಾಕಿ ಎಳೆದು ಹಿಡಿದಳು. ನಾನು ಮೂಳೆ ಎದ್ದ ಕಡೆ ಪೆನ್ಸಿಲ್ ಗುರುತು ಹಾಕಿದೆ. ಅಕ್ಕ ಪಟ್ಟಿ ನೆನೆಸಿ ಕೊಟ್ಟರು.

ಸುತ್ತಿ ಮುಗಿದಿತ್ತು, ಇನ್ನೂ ಹಸಿ, ಕೈ ತೆಗೆಯುವ ಹಾಗಿಲ್ಲ. ಆಗ ಬಾಗಿಲು ತಟ್ಟಿದರು. ಅಳತೆಯವರು, ವರ್ಕ್‌ಶಾಪಿಗೆ ಸೇರಿದ ಈ ಕೋಣೆಯನ್ನೂ ಅಳೆಯಲು. ಜೊತೆಗೆ ಕತ್ತರಿ ಖುದ್ದಾಗಿ.

"ಹೊರಗೆ ನಿಲ್ಲಿ" ಅಂದೆ, ಬಾಗಿಲು ತೆಗೆಯದೆ.

"ಹತ್ತು ಗಂಟೆಗೆ ಅಂತ ಹೇಳಿತ್ತು" ಅಂತ ಕತ್ತರಿಯ ದನಿ.

"ಒಳಗೆ ಒಬ್ರು ಕೂತಿದ್ದಾರೆ ಸಾರ್. ಒಣಗೋವರೆಗೆ ಬಾಗಿಲು ತೆಗೆಯೋದಿಲ್ಲ. ಟೇಪು ಹಿಡ್ಕೊಂಡೋರ್ನ ವಾಪಸ್ ಕಳ್ಸಿ. ನೀವು ಬೇಕಾದ್ರೆ ಬೆಂಚ್ ಮೇಲೆ ಕೂರಿ."

ಹೊರಗೆ ಸ್ವಲ್ಪ ಗುಸುಗುಸು. ಹೋಗುವ ಹೆಜ್ಜೆಗಳ ಸದ್ದು. ಬೆಂಚ್ ಕಿರುಗುಟ್ಟಿತು. ಆ ಬೆಂಚಿನ ಮೇಲೆ ಡ್ರೈವರ್ ಇದ್ದಾರೆ ಅನ್ನುವುದು ನನಗೆ ಆಗ ನೆನಪಾಯಿತು. ಟೈಲರಿಗೆ ಧೈರ್ಯ ಹೇಳಲು ಬಂದಿದ್ದರು.

"ಓ, ನೀವೂ ಕೂರೋಕೆ ಬಂದ್ರಾ ಸಾರ್?" ಅಂತ ಡ್ರೈವರ್ ದನಿ ಕೇಳಿಸಿತು.

"ಇಲ್ಲ, ನಾನು ಬೇರೆ ಕೆಲಸಕ್ಕೆ..."

ಕೃತಕ ಕಾಲಿನ ಪಟ್ಟಿ ಬಿಚ್ಚುವ ಸದ್ದು. ಇಪ್ಪತ್ತೈದು ವರ್ಷ ಕೇಳಿದ ಸದ್ದು, ಗೋಡೆಯಾಚೆಯಿಂದಲೂ ಗುರುತು ಸಿಗುತ್ತದೆ. "ಸ್ವಲ್ಪ ಹಿಡ್ಕೊಳಿ" ಅಂದರು ಡ್ರೈವರ್. "ಇದಲ್ಲ, ಇದು ಪ್ಲಾಸ್ಟಿಕ್, ಕೆಳಗಿಡಿ. ಇದು."

ಟೈಲರ್ ಕೂಡ ಬಾಗಿಲ ಕಡೆ ಕಿವಿ ಕೊಟ್ಟಿದ್ದರು. ನನ್ನ ಅಂಗೈ ಕೆಳಗೆ ಪ್ಲಾಸ್ಟರ್ ಬಿಸಿಯಾಗುತ್ತಿತ್ತು. "ಬಿಸಿ ಆಗ್ತಿದೆ" ಅಂದರು. "ಆಗ್ಬೇಕು ಆಂಟಿ" ಅಂದಳು ಸೊಸೆ.

ತುಂಬಾ ಹೊತ್ತಾದ ಮೇಲೆ ಹೊರಗಿನಿಂದ ಡ್ರೈವರ್ ಕೂಗಿದರು, ಅದೇ ಕಂಡಕ್ಟರ್ ದನಿಯಲ್ಲಿ: "ಸಾರ್, ಇವ್ರು ಇಳೀಲಿಲ್ಲ."

ನಾನು ಬಾಗಿಲು ತೆಗೆಯಲಿಲ್ಲ. ಇನ್ನೂ ಒಣಗಿರಲಿಲ್ಲ.